ಸಣ್ಣತಾಯಮ್ಮ ಕೂಡಿಸಿದ ಎರಡು ವರ್ಷ

ಚುಂಚನಕಟ್ಟೆಯ ಅಣೆಯಿಂದ ಹೊರಟ ಕಾಲುವೆ ಮೂರು ಮೈಲಿ ಹರಿದ ಮೇಲೆ ಹೊಂಗೆಕೊಪ್ಪಲು ಸಿಗುತ್ತದೆ. ನಲವತ್ತು ಮನೆಯ ಊರು. ಅದರ ಗದ್ದೆಬಯಲಿನ ನಡುವೆ ಒಂದು ದೊಡ್ಡ ಹೊಂಗೆಮರವಿತ್ತು. ನಾಟಿಯ ದಿನಗಳಲ್ಲಿ, ಕಳೆ ಕೀಳುವ ದಿನಗಳಲ್ಲಿ, ಕೊಯ್ಲಿನ ದಿನಗಳಲ್ಲಿ ಊರಿನ ಹೆಂಗಸರು ಕೆಸರಿಗೆ ಇಳಿಯುವ ಮೊದಲು ತಮ್ಮ ಮಕ್ಕಳನ್ನು ಆ ಮರದಡಿ ಸಣ್ಣತಾಯಮ್ಮನಿಗೆ ಒಪ್ಪಿಸಿ ಹೋಗುತ್ತಿದ್ದರು. ಹಾಲು ಕುಡಿಯುವ ಕೂಸುಗಳಿಗೆ ಕೊಂಬೆಯಲ್ಲಿ ಸೀರೆಯ ಜೋಲಿ. ಅಂಬೆಗಾಲಿಡುವವಕ್ಕೆ ಸೊಂಟಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ಮರದ ಬೇರಿಗೆ. ಓಡಾಡುವವಕ್ಕೆ ಸಣ್ಣತಾಯಮ್ಮನ ಗಂಟಲು. ಸುಗ್ಗಿಯಲ್ಲಿ ಮನೆಗೊಂದು ಮೊರದಂತೆ ಕೊಡುವ ಭತ್ತದಲ್ಲಿ ಆಕೆಯ ವರ್ಷ ಸಾಗುತ್ತಿತ್ತು.

ಅವಳಿಗೆ ಅಕ್ಷರ ಬಾರದು. ತಾನು ಹುಟ್ಟಿದ್ದು ಯಾವ ವರ್ಷವೆಂಬುದೂ ತಿಳಿಯದು. ಆದರೆ ಒಂದು ಮಗುವನ್ನು ಅರ್ಧ ದಿನ ತೊಡೆಯ ಮೇಲಿಟ್ಟುಕೊಂಡರೆ ಸಾಕು, ಅದಕ್ಕೆ ಎಷ್ಟು ತಿಂಗಳೆಂದು ಹೇಳಬಲ್ಲವಳಾಗಿದ್ದಳು. ಹಲ್ಲು ನೋಡಿ ಹೇಳುತ್ತಿರಲಿಲ್ಲ. ಬುದ್ಧಿ ನೋಡಿ ಹೇಳುತ್ತಿದ್ದಳು.

ಒಮ್ಮೆ ಪುಟ್ಟಲಕ್ಷ್ಮಿ ಎಂಬ ಎಳೆಯ ಬಾಣಂತಿ ಮಗುವನ್ನು ಇಳಿಸಿ ಹೊರಟವಳು, ಅದು ಕಿರುಚಿಕೊಂಡದ್ದನ್ನು ಕಂಡು ಗಾಬರಿಯಾಗಿ ಓಡಿಬಂದಳು.

"ಮೊನ್ನೆಗಂಟ ನಾನ್ ಓದ್ರೆ ತಿರುಗೂ ನೋಡ್ತಿರ್ಲಿಲ್ಲ ಕಣತ್ತೆ. ಇವತ್ತು ನೋಡು, ಪ್ರಾಣ ಓದಂಗೆ ಅರಚ್ಕೊಳ್ತದೆ. ಯಾವ ಮುಂಡೇದು ದಿಷ್ಟಿ ಮಡಗ್ತೋ!"

ಸಣ್ಣತಾಯಮ್ಮ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆದು ಮಗುವಿಗೆ ತೋರಿಸಿ, ಅದರ ಕಣ್ಣೆದುರಿಗೇ ಬಟ್ಟೆಯಡಿ ಮುಚ್ಚಿಟ್ಟಳು. ಮಗು ಅಳು ನಿಲ್ಲಿಸಿ, ಬಟ್ಟೆಯನ್ನು ಎಳೆದು ಬೆಲ್ಲ ಹಿಡಿಯಿತು.

"ನೋಡ್ದಾ? ಓದ ತಿಂಗ್ಳು ಇಂಗೆ ಮುಚ್ಚಿದ್ರೆ, ಬೆಲ್ಲ ಸತ್ತೋಯ್ತು ಅಂತ ಸುಮ್ಕಾಗ್ಬುಡ್ತಿತ್ತು. ಈಗ ಕಣ್ಗೆ ಕಾಣ್ದೆ ಇದ್ರೂ ಐತೆ ಅಂತ ಅದ್ಕೆ ಗೊತ್ತಾಯ್ತು. ನೀನೂ ಎಲ್ಲೋ ಇದ್ದೀಯ ಅಂತ ಗೊತ್ತಾಯ್ತು. ದಿಷ್ಟಿಯಲ್ಲ ಕಣವ್ವ, ಬುದ್ಧಿ ಬಂತು."

"ಬುದ್ಧಿ ಬಂದ್ರೆ ಯಾರಾದ್ರೂ ಅಳ್ತಾರಾ?"

"ಬುದ್ಧಿ ಇಲ್ದಾಗ ಅತ್ತಿದ್ದು ಹಸಿವಿಗೆ. ನಿಜವಾದ ಅಳು ಇನ್ಮೇಲೆ. ಓಗು, ಪೈರು ಒಣಗ್ತದೆ."

ಹೀಗೆ ಒಂದೊಂದು ವಯಸ್ಸಿನ ಒಂದೊಂದು ಗುರುತು ಆಕೆಗೆ ತಿಳಿದಿತ್ತು. ಎರಡೂವರೆ ವರ್ಷದ್ದು ತನ್ನ ಕಣ್ಣು ಮುಚ್ಚಿಕೊಂಡು, ತಾನು ಯಾರಿಗೂ ಕಾಣುತ್ತಿಲ್ಲವೆಂದು ನಗುತ್ತದೆ. ನಾಲ್ಕು ತುಂಬಿತೆಂದರೆ ಮೊದಲ ಸುಳ್ಳು ಹೇಳುತ್ತದೆ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದೆಂದು ಆಗಲೇ ಅದಕ್ಕೆ ಹೊಳೆಯುವುದು. ತಾಯಂದಿರು ಸುಳ್ಳಿಗೆ ಹೊಡೆಯಹೋದರೆ, "ಒಂದ್ ಸಲ ಸುಮ್ಕಿರ್ರೇ, ಈಗಿನ್ನೂ ಕಣ್ ಬುಡ್ತಾ ಐತೆ" ಎಂದು ತಡೆಯುತ್ತಿದ್ದಳು. ಇನ್ನು ಬೆಲ್ಲದ ಉಪಾಯ. ಇನ್ನೊಂದು ಬೇಕೆಂದು ಹಟ ಹಿಡಿದ ಮಗುವಿನ ಕೈಯಲ್ಲಿದ್ದ ಚೂರನ್ನೇ ಇಸಿದುಕೊಂಡು ಎರಡಾಗಿ ಮುರಿದು ಕೊಟ್ಟರೆ, "ನನಗೆ ಎಲ್ಡು" ಎಂದು ಅದು ಕುಣಿಯುತ್ತದೆ. ಆರೇಳು ವರ್ಷದವರೆಗೆ ಈ ಉಪಾಯ ನಡೆಯುತ್ತದೆ. ಆಮೇಲೆ ಒಂದು ದಿನ ಅದೇ ಮಗು, "ಅದೇ ಬೆಲ್ಲವ ಮುರಿದ್ಬುಟ್ಟು ಮೋಸ ಮಾಡ್ತೀಯ" ಎಂದು ಸಿಟ್ಟಾಗುತ್ತದೆ. ಹಾಗೆ ಸಿಟ್ಟಾದ ಮಗು ಮರದಡಿಯಿಂದ ಹೊರಟು ದನ ಕಾಯಲು ಅಥವಾ ಶಾಲೆಗೆ ಹೋಗಲು ತಕ್ಕದ್ದೆಂಬುದು ಸಣ್ಣತಾಯಮ್ಮನ ಲೆಕ್ಕ. ನೂರಾರು ಮಕ್ಕಳಲ್ಲಿ ಅದು ತಪ್ಪಿರಲಿಲ್ಲ.

ಇಷ್ಟೆಲ್ಲ ತಿಳಿದವಳು ತನ್ನ ಮೊಮ್ಮಗನ ವಿಷಯದಲ್ಲಿ ಮಾತ್ರ ಆ ಲೆಕ್ಕವನ್ನು ಮರೆತಳು.

ಮೊಮ್ಮಗನ ಹೆಸರು ಮುದ್ದಯ್ಯ. ಕಾಳಯುಕ್ತಿ ಸಂವತ್ಸರದ ಕಾರ್ತಿಕದಲ್ಲಿ, ಊರೂರನ್ನು ಗುಡಿಸಿದ ಆ ದೊಡ್ಡ ಜ್ವರದ ನಡುವೆ ಹುಟ್ಟಿದವನು. ಹುಟ್ಟಿ ಇಪ್ಪತ್ತು ದಿನಕ್ಕೆ ತಾಯಿ, ಸಣ್ಣತಾಯಮ್ಮನ ಮಗಳು ಚಿಕ್ಕಸಿದ್ದಮ್ಮ, ಅದೇ ಜ್ವರದಲ್ಲಿ ತೀರಿಕೊಂಡಳು. ತಂದೆ ಮರ ಸಾಗಿಸುವ ಗಾಡಿಯ ಹಿಂದೆ ಹುಣಸೂರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮುದ್ದಯ್ಯ ಹೊಂಗೆಮರದ ಜೋಲಿಯಲ್ಲಿ, ಊರಿನ ಬಾಣಂತಿಯರ ಎದೆಹಾಲಿನಲ್ಲಿ ಬೆಳೆದ. ಹುಡುಗ ವಯಸ್ಸಿಗೆ ಮೀರಿದ ಎತ್ತರ, ಬಾಳೆದಿಂಡಿನಂತಹ ಕೈಕಾಲು. ಪಟೇಲರ ಮೊಮ್ಮಗ ಚನ್ನಬಸವಣ್ಣ ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವನು; ಅವನ ಹಿಂದೆ ಹಿಂದೆ ತಿರುಗಿ, ಅವನು ಹೇಳಿದ್ದನ್ನೆಲ್ಲ ಹೇಳಿ, ನಾಲ್ಕೂವರೆ ವರ್ಷಕ್ಕೆ ಒಂದರಿಂದ ನೂರರವರೆಗೆ ಗಡಗಡನೆ ಒಪ್ಪಿಸಿಬಿಟ್ಟ. ಗಿಣಿಯೂ ಹೀಗೆ ಒಪ್ಪಿಸುತ್ತದೆಂದು ಬೇರೆಯವರ ಮಗುವಾಗಿದ್ದರೆ ಸಣ್ಣತಾಯಮ್ಮನೇ ಹೇಳುತ್ತಿದ್ದಳು. ಸ್ವಂತ ಮೊಮ್ಮಗ ಹೇಳಿದಾಗ ಆಕೆಯ ಎದೆ ಉಬ್ಬಿತು.

ಅದೇ ವರ್ಷ ಆಕೆಗೆ ಉಬ್ಬಸ ಹತ್ತಿತು. ಸಾಲಿಗ್ರಾಮದ ಪಂಡಿತರು ನಾಡಿ ಹಿಡಿದು, "ಇನ್ನೆರಡು ಚಳಿಗಾಲ ಕಳೆದರೆ ಹೆಚ್ಚು" ಎಂದುಬಿಟ್ಟರು. ತಾನು ಹೋದ ಮೇಲೆ ಹುಡುಗನಿಗೆ ಯಾರು ದಿಕ್ಕು? ಯಾರದೋ ಕೊಟ್ಟಿಗೆಯಲ್ಲಿ ಸಗಣಿ ಬಾಚಿಕೊಂಡು ಬೀಳುತ್ತಾನೆ. ಕಣ್ಣು ಮುಚ್ಚುವುದರೊಳಗೆ ಅವನನ್ನು ಶಾಲೆಯ ಮೆಟ್ಟಿಲು ಹತ್ತಿಸಿಬಿಡಬೇಕು. ಒಮ್ಮೆ ಹತ್ತಿದರೆ ಸರ್ಕಾರವೇ ನಡೆಸಿಕೊಂಡು ಹೋಗುತ್ತದೆ ಎಂದು ಆಕೆ ನಂಬಿದಳು. ಚನ್ನಬಸವಣ್ಣನನ್ನು ದಸರೆ ಕಳೆದ ಮೇಲೆ ಶಾಲೆಗೆ ಸೇರಿಸುತ್ತಾರೆಂದು ತಿಳಿದಾಗ, ಅದೇ ದಿನ ಮುದ್ದನನ್ನೂ ಸೇರಿಸುವುದೆಂದು ನಿಶ್ಚಯಿಸಿದಳು.

ಹಳ್ಳಿಯಲ್ಲಿ ಹುಟ್ಟಿದ ದಿನ ಬರೆದಿಡುವವರು ಯಾರು? ಅದಕ್ಕೆ ಮೇಷ್ಟರ ಬಳಿ ಒಂದು ಅಳತೆಯಿತ್ತು. ಹುಡುಗ ಬಲಗೈಯನ್ನು ನೆತ್ತಿಯ ಮೇಲಿನಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಯ ವಯಸ್ಸು ಬಂತು. ಮುಟ್ಟದಿದ್ದರೆ ಬರುವ ವರ್ಷ ಬಾ. ಸಣ್ಣತಾಯಮ್ಮ ಒಂದು ತಿಂಗಳು ಮೊಮ್ಮಗನಿಗೆ ಇದೇ ಪಾಠ ಮಾಡಿದಳು. ಹೆಗಲು ಹೇಗೆ ಎತ್ತಬೇಕು, ಕತ್ತನ್ನು ಯಾರಿಗೂ ತಿಳಿಯದಷ್ಟು ಹೇಗೆ ವಾಲಿಸಬೇಕು, ಬೆರಳ ತುದಿಯನ್ನು ಹೇಗೆ ಚಾಚಬೇಕು. ಹುಡುಗನಿಗೆ ಅದೊಂದು ಆಟ.

ಶಾಲೆ ನಡೆಯುತ್ತಿದ್ದುದು ಗುಡಿಯ ಪಕ್ಕದ ಮಂಟಪದಲ್ಲಿ. ಷಣ್ಮುಖಪ್ಪ ಮೇಷ್ಟರು ಕೆಟ್ಟವರಲ್ಲ, ಹೆದರುಪುಕ್ಕಲರು. "ತಲೆ ನೆಟ್ಟಗಿಡೋ" ಎಂದರು. ಮುದ್ದಯ್ಯ ನೆಟ್ಟಗಿಟ್ಟಂತೆ ಮಾಡಿ ಕೈ ಹಾಯಿಸಿದ. ಮಧ್ಯದ ಬೆರಳು ಕಿವಿಯ ಮೇಲಂಚನ್ನು ಮುಟ್ಟಿತು.

"ಎಷ್ಟು ವರ್ಷ ಸಣ್ಣತಾಯಮ್ಮ?"

ಆರು ಎಂದಿದ್ದರೂ ಸಾಕಾಗುತ್ತಿತ್ತು. ಅನುಮಾನ ಬರಬಾರದೆಂದು ಆಕೆ ಇನ್ನೊಂದನ್ನು ಸೇರಿಸಿದಳು. "ಏಳು ತುಂಬ್ತು ಸ್ವಾಮಿ. ಪಟೇಲರ ಮನೆ ಮಗೀಗೂ ಇದ್ಕೂ ಒಂದೇ ತಿಂಗ್ಳು."

"ಇವನ ತಾಯಿ ಸತ್ತದ್ದು ಜ್ವರದ ವರ್ಷ ಅಲ್ಲವೆ?"

"ಊ ಸ್ವಾಮಿ. ಆಗಿವ್ನು ಓಡಾಡ್ತಿದ್ದ."

ಮೇಷ್ಟರು ಶಾಲೆಯ ಪಟ್ಟಿಯಲ್ಲಿ ಏಳು ಎಂದು ಬರೆದುಕೊಂಡರು. ಹುಡುಗನಿಗೆ ಐದು ತುಂಬಲು ಇನ್ನೂ ಒಂದು ತಿಂಗಳಿತ್ತು.

ಮೂರು ತಿಂಗಳು ಕಳೆಯಿತು. ಮುದ್ದಯ್ಯ ನೂರರವರೆಗೆ ಒಪ್ಪಿಸುತ್ತಿದ್ದುದರಿಂದ ಮೇಷ್ಟರಿಗೂ ಅವನ ಮೇಲೆ ಅಭಿಮಾನವೇ. ಸಂಕ್ರಾಂತಿಯ ಆಚೆಗೆ ಒಂದು ದಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಜರಿಯಂಚಿನ ಪೇಟ, ಮುಚ್ಚುಕೋಟು, ಕೈಯಲ್ಲಿ ಬೆತ್ತ. ಸಣ್ಣತಾಯಮ್ಮ ಮೊಮ್ಮಗನಿಗೆ ಮಜ್ಜಿಗೆ ತಂದವಳು, ಸಾಹೇಬರನ್ನು ಕಂಡು ಮಂಟಪದ ಕಂಬದ ಮರೆಯಲ್ಲಿ ನಿಂತಳು. ಮುದ್ದಯ್ಯ ಆಕೆಯನ್ನು ನೋಡಿ ನಕ್ಕ.

ಮೇಷ್ಟರು ಮೊದಲು ಎಬ್ಬಿಸಿದ್ದು ಅವನನ್ನೇ. ನೂರು ಸರಾಗವಾಗಿ ಬಂತು. ಸಾಹೇಬರು ತಲೆದೂಗಿ, ಲೆಕ್ಕ ಕಲಿಸಲು ಇಟ್ಟಿದ್ದ ಹುಣಿಸೆಬೀಜದ ಮಡಕೆಯನ್ನು ತರಿಸಿ, ನೆಲದ ಮೇಲೆ ಆರಾರು ಬೀಜದ ಎರಡು ಸಾಲು ಹೂಡಿದರು.

"ಎರಡೂ ಸಮವೇನೋ?"

"ಊ ಸ್ವಾಮಿ, ಸಮ."

ಸಾಹೇಬರು ಒಂದು ಸಾಲಿನ ಬೀಜಗಳನ್ನು ಬೆತ್ತದ ತುದಿಯಿಂದ ದೂರ ದೂರ ಸರಿಸಿದರು.

"ಈಗ?"

"ಇದ್ರಲ್ಲಿ ಜಾಸ್ತಿ."

"ಯಾಕೋ?"

"ಇದು ಉದ್ದಕ್ಕೈತಲ್ಲ ಸ್ವಾಮಿ!"

"ಎಣಿಸು."

ಎಣಿಸಿದ. ಇಲ್ಲಿ ಆರು, ಅಲ್ಲಿ ಆರು.

"ಹಾಗಾದರೆ?"

"ಆದ್ರೂ ಇದೇ ಜಾಸ್ತಿ."

ಚನ್ನಬಸವಣ್ಣ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಸಾಹೇಬರು ಪಟ್ಟಿಯನ್ನು ತರಿಸಿ ಬೆರಳಾಡಿಸಿ ನೋಡಿದರು. "ಏನ್ರೀ ಮೇಷ್ಟ್ರೇ, ಐದು ವರ್ಷದ ಮಗು ಹೀಗೆ ಹೇಳಿದ್ದರೆ ನಾನೇ ನಕ್ಕು ಬೆನ್ನು ತಟ್ಟುತ್ತಿದ್ದೆ. ಏಳು ತುಂಬಿದ ಹುಡುಗ! ಇದು ದಡ್ಡತನವೋ, ನಿಮ್ಮ ಪಾಠದ ಚೆಂದವೋ?"

ಕಂಬದ ಮರೆಯಲ್ಲಿ ಸಣ್ಣತಾಯಮ್ಮನ ಬಾಯಿ ತೆರೆಯಿತು. 'ಐದೇ ಸ್ವಾಮಿ, ಮಗೀಗೆ ಐದೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಆಡಿದರೆ ಹುಡುಗನ ಹೆಸರನ್ನು ಹೊಡೆದುಹಾಕುತ್ತಾರೆ. ಮತ್ತೆ ಎರಡು ವರ್ಷ ಕಾಯಬೇಕು. ತನಗಿರುವುದು ಎರಡು ಚಳಿಗಾಲ. ಒಂದು ದಿನದ ನಗು ತಾನೆ, ನಾಳೆಗೆ ಮರೆತಾರು ಎಂದುಕೊಂಡಳು. ಬಾಯಿ ಮುಚ್ಚಿಕೊಂಡಳು. ಸಾಹೇಬರು ಹೋದ ಮೇಲೆ ಮೇಷ್ಟರು ತಮ್ಮ ಹೆದರಿಕೆಯನ್ನೆಲ್ಲ ಹುಡುಗನ ಬೆನ್ನ ಮೇಲೆ ತೀರಿಸಿಕೊಂಡಾಗಲೂ ಆಕೆ ಮಜ್ಜಿಗೆಯ ಚೆಂಬನ್ನು ಹಿಡಿದು ನಿಂತೇ ಇದ್ದಳು.

ಯಾರೂ ಮರೆಯಲಿಲ್ಲ. ಅಂದಿನಿಂದ ಅವನ ಹೆಸರು 'ಉದ್ದಸಾಲು' ಎಂದಾಯಿತು. "ಲೇ ಉದ್ದಸಾಲು, ನಿನ್ ನೆರಳು ಉದ್ದಾಯ್ತು ಕಣ್ಲಾ, ಇಬ್ರಾಗ್ಬುಟ್ಟೆಯೇನ್ಲಾ?" ಎಂದು ಸಂಜೆ ಹೊತ್ತು ದನದ ಹಿಂದೆ ಬರುವ ಹುಡುಗರು ಕೂಗುತ್ತಿದ್ದರು. ಮೇಷ್ಟರು ಅವನನ್ನು ಹಿಂದಿನ ಸಾಲಿಗೆ ಕೂರಿಸಿದವರು ಮುಂದಕ್ಕೆ ಕರೆಯಲೇ ಇಲ್ಲ. ಏಳರ ಬುದ್ಧಿಗೆ ಎಟುಕುವುದನ್ನು ಐದಕ್ಕೆ ಕೇಳುವುದು, ಐದು ತಡವರಿಸುವುದು, ಬೆತ್ತ ಬೀಳುವುದು. ಎರಡು ವರ್ಷ ಹೀಗೆ ನಡೆಯಿತು. ಏಳು ತುಂಬಿ ಅವನಿಗೆ ಎಲ್ಲವೂ ತಾನಾಗಿ ತಿಳಿಯತೊಡಗುವ ಹೊತ್ತಿಗೆ, ಬಾಯಿ ಬಿಟ್ಟರೆ ತಪ್ಪಾಗುತ್ತದೆಂಬ ಒಂದೇ ಪಾಠ ಅವನಲ್ಲಿ ಬೇರೂರಿತ್ತು. ಶಾಲೆ ಬಿಟ್ಟು ಪಟೇಲರ ಎಮ್ಮೆ ಹೊಡೆದುಕೊಂಡು ಹೋದ. ಸಣ್ಣತಾಯಮ್ಮ ತಡೆಯಲಿಲ್ಲ.

ಎರಡು ಚಳಿಗಾಲ ಕಳೆಯಿತು, ನಾಲ್ಕು ಕಳೆಯಿತು, ಎಂಟು ಕಳೆಯಿತು. ಉಬ್ಬಸ ಬರುತ್ತಿತ್ತು, ಹೋಗುತ್ತಿತ್ತು. ಸಣ್ಣತಾಯಮ್ಮ ಸಾಯಲಿಲ್ಲ. ನಾಡಿ ಹಿಡಿದಿದ್ದ ಪಂಡಿತರೇ ತೀರಿಕೊಂಡರು.

ಹುಡುಗನಿಗೆ ಹದಿಮೂರು ನಡೆಯುತ್ತಿದ್ದಾಗ ಅವನಲ್ಲಿ ಇನ್ನೊಂದು ಬದಲಾವಣೆ ಬಂದುದನ್ನು ಆಕೆ ಕಂಡಳು. ಅದನ್ನೂ ಆಕೆ ಬಲ್ಲಳು; ಮರದಡಿಯಿಂದ ಹೋದ ಮಕ್ಕಳು ದೊಡ್ಡವರಾಗುವಾಗ ಊರಿನಲ್ಲಿ ನೋಡಿದ್ದಳು. ಆ ವಯಸ್ಸಿನಲ್ಲಿ ಇದ್ದದ್ದನ್ನು ಕೇಳುವುದು ನಿಂತು, ಇಲ್ಲದ್ದನ್ನು ಕೇಳುವುದು ಶುರುವಾಗುತ್ತದೆ. "ಅಜ್ಜಿ, ಕಾವೇರಿ ಇತ್ತಗೆ ಅರೀದೆ ಅತ್ತಗೆ ಅರಿದಿದ್ರೆ ಯಾರ್ ಸಾವ್ಕಾರ್ರಾಗೋರು?" ಎಂದು ಮುದ್ದೆ ಮುರಿಯುತ್ತ ಕೇಳುತ್ತಿದ್ದ. ಆದರೆ ಹೊರಗೆ ನಾಲ್ಕು ಜನರೆದುರು ತುಟಿ ಬಿಚ್ಚುತ್ತಿರಲಿಲ್ಲ.

ಒಮ್ಮೆ ಮಾತ್ರ ಬಿಚ್ಚಿದ. ಕಾಲುವೆಯಿಂದ ಒಡೆಯುವ ಎರಡು ತೂಬುಗಳಲ್ಲಿ ಮೇಲಿನದು ಅಗಲ, ಕೆಳಗಿನದು ಕಿರಿದು. ಅಗಲದ ಕಡೆಯವರಿಗೆ ನೀರು ಹೆಚ್ಚು ಹೋಗುತ್ತದೆಂದು ಕೆಳಗಿನವರು ಗುದ್ದಲಿ ಎತ್ತಿದ್ದರು. ಎಮ್ಮೆ ಕಾಯುತ್ತಿದ್ದ ಮುದ್ದಯ್ಯ ಯಾರಿಗೋ ಹೇಳುವಂತೆ ಹೇಳಿದ: "ಅಗ್ಲ ನೋಡಿದ್ರೆ ಏನ್ ಗೊತ್ತಾಯ್ತದೆ? ಕಿರಿದ್ರಲ್ಲಿ ನೀರು ಆಳ ಐತೆ, ಓಟಾನೂ ಜೋರು. ಒಂದೇ ಅಳತೇಲಿ ಎಲ್ಡು ಸಸಿಮಡಿ ಕಟ್ಟಿ, ಒಂದೇ ಸಲ ನೀರ್ ಬುಡಿ. ಯಾವ್ದು ಮೊದ್ಲು ತುಂಬ್ತದೋ ಅದು ಜಾಸ್ತಿ." ಹಾಗೇ ಮಾಡಿದರು. ಕಿರಿದಾದ ತೂಬಿನ ಮಡಿಯೇ ಮೊದಲು ತುಂಬಿತು. ಜಗಳ ನಗೆಯಾಗಿ ಮುಗಿಯಿತು.

ಅದನ್ನು ನೋಡುತ್ತ ಏರಿಯ ಮೇಲೆ ನಿಂತಿದ್ದವರು ಶಾಲೆಗೆ ಹೊಸದಾಗಿ ಬಂದ ಶಿವನಂಜಪ್ಪ ಮೇಷ್ಟರು. ಅಂದೇ ಸಂಜೆ ಸಣ್ಣತಾಯಮ್ಮನ ಜಗಲಿಗೆ ಬಂದು ಕುಳಿತರು.

"ಇವನನ್ನ ಎಮ್ಮೆ ಕಾಯೋಕೆ ಬಿಟ್ಟಿದ್ದೀರಲ್ಲ ಅಮ್ಮ, ಇದು ನ್ಯಾಯವೇ? ಒಂದು ವರ್ಷ ನನ್ನ ಹತ್ತಿರ ಬಿಡಿ. ಕೃಷ್ಣರಾಜನಗರದ ಮಿಡ್ಲ್ ಸ್ಕೂಲಿಗೆ ಸೇರಿಸಿ, ಊಟಕ್ಕೂ ವಸತಿಗೂ ನಾನೇ ಏರ್ಪಾಡು ಮಾಡ್ತೀನಿ. ಒಂದೇ ತೊಡಕು. ಪಟ್ಟಿಯ ಪ್ರಕಾರ ಇವನಿಗೆ ಹದಿನೈದು. ವಯಸ್ಸು ಮೀರಿದೆ ಅಂತ ಅಲ್ಲಿಯವರು ಒಪ್ಪೋದಿಲ್ಲ."

ಸಣ್ಣತಾಯಮ್ಮನಿಗೆ ಆ ಕ್ಷಣದಲ್ಲಿ ತನ್ನ ಎದೆಯ ಮೇಲಿನ ಕಲ್ಲು ಜರುಗಿದಂತಾಯಿತು. "ಹದಿನೈದಲ್ಲ ಸ್ವಾಮಿ, ಹದಿಮೂರು. ಅವತ್ತು ನಾನೇ ಸುಳ್ಳು ಯೋಳಿ ಬರೆಸ್ದೆ" ಎಂದಳು. ಒಳಗೆ ಎಮ್ಮೆಯ ಹಗ್ಗ ಹೊಸೆಯುತ್ತಿದ್ದ ಮುದ್ದಯ್ಯನ ಕೈ ನಿಂತಿತು.

ಮೇಷ್ಟರು ಅರ್ಜಿ ಬರೆದರು. ವಾರ ಕಳೆದು ಮೂವರೂ ಕೃಷ್ಣರಾಜನಗರಕ್ಕೆ ನಡೆದು ಅಮಲ್ದಾರರ ಮುಂದೆ ನಿಂತರು. ಊರು ಇನ್ನೂ ಹೊಸದು; ಎಲ್ಲೆಲ್ಲೂ ಸುಣ್ಣದ ವಾಸನೆ. ಅಮಲ್ದಾರರು ಕನ್ನಡಕದ ಮೇಲಿಂದ ನೋಡಿದರು.

"ಆಗ ಏಳು ಅಂದೆ. ಈಗ ಐದು ಅಂತೀಯ. ಯಾವುದಮ್ಮ ಸುಳ್ಳು?"

"ಆಗ ಯೋಳಿದ್ದು ಸುಳ್ಳು ಬುದ್ಧಿ."

"ಸುಳ್ಳು ಬರೆಸಿದ್ದಕ್ಕೆ ಶಿಕ್ಷೆ ಆಗುತ್ತೆ, ಗೊತ್ತಾ?"

"ಆಗ್ಲಿ ಬುದ್ಧಿ. ಜೈಲಿಗೆ ಆಕಿ. ಮಗೀಗೆ ಐದು ಅಂತ ತಿದ್ದಿ, ಆಮೇಲ್ ಆಕಿ."

ಪ್ರಮಾಣ ಮಾಡೆಂದರು. ದೇವರ ಹೆಸರೆತ್ತಿ ಮಾಡಿದಳು. ಅಮಲ್ದಾರರು ಅರೆಗಳಿಗೆ ಯೋಚಿಸಿ ಅರ್ಜಿಯ ಮೇಲೆ ರುಜು ಹಾಕಿದರು. ಹತ್ತು ನಿಮಿಷದ ಕೆಲಸ. ಎಂಟು ವರ್ಷ ಹೊತ್ತ ಹೊರೆ ಇಷ್ಟು ಸುಲಭವಾಗಿ ಇಳಿಯಿತೇ ಎಂದು ಅವಳಿಗೆ ಅಳುವೇ ಬಂತು.

ಮೇಷ್ಟರು ಬೇರೆ ಕೆಲಸಕ್ಕೆ ಪೇಟೆಯಲ್ಲಿ ಉಳಿದರು. ಅಜ್ಜಿ ಮೊಮ್ಮಗ ಏರಿಯ ಹಾದಿ ಹಿಡಿದು ಊರ ಕಡೆ ನಡೆದರು. ಬಿಸಿಲು ಚುರುಗುಟ್ಟುತ್ತಿತ್ತು. ಅರ್ಧ ದಾರಿಯಲ್ಲಿ ಮುದ್ದಯ್ಯ ಅವಳ ಕೈಯ ಗಂಟನ್ನು ತಾನು ತೆಗೆದುಕೊಂಡು, ಮೆಲ್ಲಗೆ ಹೇಳಿದ:

"ಅಜ್ಜಿ, ನನಗೋಸ್ಕರ ಅಮಲ್ದಾರ್ರ ಮುಂದೆ ಸುಳ್ಳು ಪ್ರಮಾಣ ಮಾಡ್ಬುಟ್ಟೆಯಲ್ಲ."

ಆಕೆ ನಿಂತುಬಿಟ್ಟಳು. "ಏನಂದೆ? ಸುಳ್ಳಾ? ಇವತ್ತು ಯೋಳಿದ್ದೇ ನಿಜ ಕಣೋ. ಅವತ್ತಿಂದು ಸುಳ್ಳು."

"ಬುಡಜ್ಜಿ. ನಾನು ಚಿಕ್ಕುಡ್ಗನಾ? ಯೋಚ್ನೆ ಮಾಡಿ ನೋಡ್ದೆ. ಇನ್‌ಸ್ಪೆಕ್ಟ್ರು ಬಂದಿದ್ ದಿನ ನೀನು ಕಂಬದತ್ರ ಇದ್ದೆ. ನಾನ್ ನೋಡಿದ್ದೆ. ಐದಾಗಿದ್ರೆ ಬೆನ್ನು ತಟ್ತಿದ್ದೆ ಅಂತ ಅವ್ರು ಯೋಳಿದ್ದು ನಿನಗೂ ಕೇಳಿಸ್ತು. ನನಗೆ ಐದೇ ಆಗಿದ್ರೆ ನೀನು ಸುಮ್ಕೆ ನಿಂತಿರ್ತಿದ್ದಾ?"

"ಕಂದಾ..."

"ಪಟೇಲರ ಎಂಡ್ರು ನನ್ನ ಬೋಳೀಮಗ ಅಂದಿದ್ಕೆ ಅವ್ರ ಅಟ್ಟೀಲೇ ನಿಂತು ಜಗಳ ಮಾಡ್ದೋಳು ನೀನು. ಉಚ್ಚುನಾಯಿ ಬಂದಾಗ ಬರಿಗೈಲಿ ಅಡ್ಡ ಬಂದೋಳು ನೀನು. ಮೇಷ್ಟ್ರು ನನ್ನ ಅಂಗೆ ಬಡೀವಾಗ, ಒಂದು ಮಾತ್ನಲ್ಲಿ ಬುಡಿಸ್ಬೌದು ಅಂದಿದ್ರೆ, ನೀನು ಬುಡಿಸ್ದೆ ಇರೋಳೇ ಅಲ್ಲ. ಬುಡಿಸ್ನಿಲ್ಲ. ಅಂದ್ಮೇಲೆ ನನಗೆ ಏಳೇ ಆಗಿತ್ತು. ಏಳಾಗಿದ್ರೂ ನನಗೆ ತಿಳೀನಿಲ್ಲ."

ಎಷ್ಟು ಚೆನ್ನಾಗಿ ಒಂದರ ಮೇಲೊಂದು ಕಟ್ಟಿದ್ದ! ಎಲ್ಲಿಯೂ ಬಿರುಕಿಲ್ಲ. ಹದಿಮೂರು ವರ್ಷದ ಬುದ್ಧಿ ಇಷ್ಟು ನೇರವಾಗಿ ನಡೆಯುವುದನ್ನು ಸಣ್ಣತಾಯಮ್ಮ ಬೇರೆ ಯಾವ ಮಗುವಿನಲ್ಲಿಯೂ ಕಂಡಿರಲಿಲ್ಲ. ಆ ಬುದ್ಧಿ ಬೆಳೆದು ನಿಂತು ಮೊದಲು ಕೊಟ್ಟ ತೀರ್ಪು ತಾನು ದಡ್ಡನೆಂಬುದು. ಅದಕ್ಕೆ ಅದು ಆಧಾರ ಮಾಡಿಕೊಂಡದ್ದು ಅಜ್ಜಿಯ ಪ್ರೀತಿಯನ್ನು.

"ಎದುರ್ಕೊಂಡಿದ್ದೆ ಕಣೋ" ಎಂದಳು. "ನಾನ್ ಬಾಯ್ ಬುಟ್ರೆ ನಿನ್ನ ಇಸ್ಕೂಲಿಂದ ಆಚೆಗಾಕ್ತಾರೆ ಅಂತ. ನಾನು ಸತ್ತೋಯ್ತೀನಿ, ಅಷ್ಟರೊಳಗೆ ನೀನು ಓದ್ಬೇಕು ಅಂತ. ಅದ್ಕೇ ನಿಂತ್ಕಂಡು ನೋಡ್ದೆ. ನಿನ್ನ ಒಡೆಸ್ದೋಳು ನಾನೇ."

ಮುದ್ದಯ್ಯ ಅವಳ ಮುಖವನ್ನು ನೋಡಿ ನಕ್ಕ. ಕರುಣೆಯ ನಗು. ದೊಡ್ಡವರು ಮಕ್ಕಳನ್ನು ನೋಡಿ ನಗುವಂತಹದು. "ನನಗೆ ಸಮಾಧಾನ ಆಗ್ಲಿ ಅಂತ ತಪ್ಪನ್ನೆಲ್ಲ ನಿನ್ನ ತಲೆ ಮ್ಯಾಕೇ ಆಕ್ಕೋತೀಯಲ್ಲ, ಬಾ, ಬಿಸ್ಲು" ಎಂದು ಕೈ ಹಿಡಿದು ನಡೆಸಿಕೊಂಡು ಹೊರಟ.

ಮಾರನೆಯ ದಿನ ಮೇಷ್ಟರು ಬಂದಾಗ ಅವನು ಕೈಮುಗಿದು, "ನನಗೆ ಓದು ಅತ್ತದಿಲ್ಲ ಸ್ವಾಮಿ. ಸುಳ್ಳು ವಯಸ್ಸು ಇಟ್ಕೊಂಡು ಇನ್ನೊಬ್ರ ಮಗೀನ ಜಾಗ ಕಿತ್ಕೊಳ್ಳೋದು ಬ್ಯಾಡ" ಎಂದುಬಿಟ್ಟ. ಶಿವನಂಜಪ್ಪನವರು ಬುದ್ಧಿ ಹೇಳಿದರು, ಗದರಿದರು, ಹದಿನೈದು ದಿನ ಬಿಡದೆ ಬಂದರು. ತಿದ್ದಿದ ಕಾಗದ ಮೇಷ್ಟರ ಪೆಟ್ಟಿಗೆಯಲ್ಲಿಯೇ ಉಳಿಯಿತು. ಕಾಗದದಲ್ಲಿ ಅವನಿಗೆ ಹದಿಮೂರು. ಅವನ ಮನಸ್ಸಿನಲ್ಲಿ ಹದಿನೈದೇ.

ದೊಡ್ಡವನಾದ ಮೇಲೆ ಮುದ್ದಯ್ಯ ನೀರುಗಂಟಿಯಾದ. ಯಾವ ಗದ್ದೆಗೆ ಯಾವಾಗ ತೂಬು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನಿರ್ಣಯಿಸಿ ನೀರು ಹಂಚುವ ಕೆಲಸ. ಅವನ ಹಂಚಿಕೆಯಲ್ಲಿ ತಕರಾರು ಹುಟ್ಟುತ್ತಿರಲಿಲ್ಲ. ಆದರೆ "ಇದನ್ನೆಲ್ಲ ಎಂಗ್ ಯೋಚ್ನೆ ಮಾಡ್ತೀಯ ಮುದ್ದಣ್ಣ?" ಎಂದು ಯಾರಾದರೂ ಕೇಳಿದರೆ, "ನಂದೇನೈತೆ, ಕಟ್ಟೆ ಕಡೆಯೋರು ಯಾರೋ ಯೋಳಿದ್ರು" ಎನ್ನುತ್ತಿದ್ದ. ತನ್ನ ತಲೆಯಲ್ಲಿ ಹುಟ್ಟಿದ್ದಕ್ಕೆಲ್ಲ ಬೇರೆ ಯಾರನ್ನೋ ತಂದೆಯಾಗಿಸುವುದು ಅವನ ಅಭ್ಯಾಸವಾಗಿಹೋಯಿತು. ಚನ್ನಬಸವಣ್ಣ ಮೈಸೂರಿನಲ್ಲಿ ಗುಮಾಸ್ತನಾಗಿ, ಬಿಡುವಿನಲ್ಲಿ ಬಂದಾಗ, "ಏನ್ಲಾ ಉದ್ದಸಾಲು" ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದ. ಮುದ್ದಯ್ಯ ಪ್ರೀತಿಯಿಂದಲೇ ಓಗೊಡುತ್ತಿದ್ದ.

ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಆ ಹೊತ್ತಿಗೆ ಸಣ್ಣತಾಯಮ್ಮನಿಗೆ ಎಪ್ಪತ್ತು ದಾಟಿತ್ತು. ಮರದಡಿಗೆ ಹೋಗುವುದು ನಿಂತು, ಜಗಲಿಯ ಮೂಲೆಯೇ ಗತಿಯಾಗಿತ್ತು. ಮಗುವಿಗೆ ಹತ್ತು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಮುದ್ದಯ್ಯ ಅದನ್ನು ತಂದು ಅವಳ ತೊಡೆಯ ಮೇಲಿಟ್ಟು, ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ.

"ಅಜ್ಜಿ, ಊರ್ ಮಕ್ಳನ್ನೆಲ್ಲ ನೋಡ್ದೋಳು ನೀನು. ನೋಡಿ ಯೋಳು. ಮುಖ ನೋಡ್ಕಂಡು ಸುಳ್ಳು ಯೋಳ್ಬ್ಯಾಡ. ಇದ್ಕೆ ಬುದ್ಧಿ ಎಂಗೈತೆ?"

ಸಣ್ಣತಾಯಮ್ಮ ನೋಡಿದಳು. ಮಗು ಕೈಯಲ್ಲಿದ್ದ ಗಿಲಕಿಯನ್ನು ಕೆಳಕ್ಕೆ ಬಿಟ್ಟಿತು. ಅದು ಬಿದ್ದ ಸದ್ದು ಕೇಳಿ, ಗಿಲಕಿಯನ್ನಲ್ಲ, ಅವಳ ಮುಖವನ್ನು ನೋಡಿತು. ಎತ್ತಿ ಕೊಟ್ಟಳು. ಈ ಸಲ ಜಗಲಿಯ ಅಂಚಿನಾಚೆಗೆ ಬಿಟ್ಟಿತು. ಮತ್ತೆ ಅವಳ ಮುಖ ನೋಡಿತು. ಮೂರನೆಯ ಸಲ ಬಿಡುವ ಮುಂಚೆಯೇ ನೋಡಿತು. ಹೀಗೆ ಮಾಡಿದರೆ ಹೀಗಾಗುತ್ತದೆಯೋ ಎಂದು ಪರೀಕ್ಷಿಸುತ್ತಿದ್ದ ಆ ಕಣ್ಣಿನ ಚುರುಕು, ತುಟಿಯ ಆ ಬಿಗಿತ. ಎಲ್ಲವೂ ತನ್ನ ಜೋಲಿಯಲ್ಲಿ ಬೆಳೆದ ಇನ್ನೊಂದು ಮಗುವಿನದೇ. ಮುದುಕಿಯ ಮೈಯೆಲ್ಲ ಸಂತೋಷದಿಂದ ನಡುಗಿತು.

"ನಿನ್ನಂಗೇ ಕಣಪ್ಪ!" ಎಂದಳು, ಬೊಚ್ಚುಬಾಯಿ ತುಂಬ. "ಅಚ್ಚು ನಿನ್ನಂಗೇ!"

ಮುದ್ದಯ್ಯನ ಮುಖ ಇಳಿದುಹೋಯಿತು. ಮಗುವನ್ನು ಎತ್ತಿಕೊಂಡು, ಅದರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡ.

"ಅಂಗಲ್ಲ ಮಗ, ನಾನ್ ಯೋಳಿದ್ದು..." ಎಂದು ಸಣ್ಣತಾಯಮ್ಮ ಎದ್ದು ಕೂರಲು ನೋಡಿದಳು. ಉಬ್ಬಸ ಹತ್ತಿತು, ಮಾತು ಹೊರಡಲಿಲ್ಲ.

"ಓಗ್ಲಿ ಬುಡಜ್ಜಿ. ನಿಜ ಯೋಳಿದ್ಯಲ್ಲ, ಅಷ್ಟು ಸಾಕು" ಎಂದು ಅವನು ಒಳಕ್ಕೆ ಹೋದ. ಒಲೆಯ ಮುಂದೆ ಕುಳಿತಿದ್ದ ಹೆಂಡತಿಗೆ ಹೇಳುತ್ತಿದ್ದುದು ಜಗಲಿಗೆ ಸ್ಪಷ್ಟವಾಗಿ ಕೇಳಿಸಿತು.

"ಇದ್ನ ಇಸ್ಕೂಲ್ಗೆ ಕಳ್ಸೋ ಮಾತೆತ್ಬ್ಯಾಡ ಕಣೆ. ಪಾಪ, ನಗ್ತಾರೆ."